ಪಾಳುಬಿದ್ದ ಹವಳದ ತೊಟ್ಟಿ: ಮೊದಲು ಅಳತೆ, ಆಮೇಲೆ ಕೊಳೆ

ತಿಂಗಳುಗಟ್ಟಲೆ ಯಾರೂ ನೋಡಿಕೊಳ್ಳದ ಉಪ್ಪುನೀರಿನ ಅಕ್ವೇರಿಯಂ ಕಂಡರೆ ನೀರೆಲ್ಲ ಚೆಲ್ಲಿ, ಕಲ್ಲು ಉಜ್ಜಿಬಿಡೋಣ ಅನಿಸುತ್ತದೆ. ಬೇಡ. ಅಳಿದುಳಿದ ಮೀನು, ಹವಳಗಳು ಆ ಕೆಟ್ಟ ನೀರಿಗೇ ಒಗ್ಗಿಕೊಂಡಿರುತ್ತವೆ; ದಿಢೀರ್ ಬದಲಾವಣೆಯನ್ನು ತಾಳವು.

ಮೊದಲು ರಿಫ್ರ್ಯಾಕ್ಟೋಮೀಟರ್‌ನಲ್ಲಿ (ಒಂದು ಹನಿಯಿಂದಲೇ ಉಪ್ಪು ಅಳೆಯುವ ಸಾಧನ) ಉಪ್ಪಿನಂಶ ನೋಡಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. 200 ಲೀಟರ್ ತೊಟ್ಟಿಯಲ್ಲಿ 20 ಲೀಟರ್ ಆರಿದ್ದರೆ ಸಾವಿರಕ್ಕೆ 35 ಇರಬೇಕಾದದ್ದು ಸುಮಾರು 39 ಆಗಿರುತ್ತದೆ. ದಿನಕ್ಕೆ 4 ಲೀಟರಿನಂತೆ ಐದು ದಿನ ಸಿಹಿನೀರು ತುಂಬಿಸಿ. ಅದು ಟಿಡಿಎಸ್ (ಕರಗಿದ ಲವಣಾಂಶ) ಸೊನ್ನೆಯಿರುವ ಆರ್‌ಓ–ಡಿಐ ನೀರೇ, ಅಂದರೆ ಸೋಸಿ ಲವಣವೆಲ್ಲ ತೆಗೆದ ನೀರೇ ಆಗಿರಲಿ. ಬೋರ್‌ವೆಲ್ ನೀರು ಹಾಕಿದರೆ ಪಾಚಿಗೆ ಗೊಬ್ಬರ ಹಾಕಿದಂತೆ.

ಪಂಪು, ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಸಾಧನ) ಬಿಚ್ಚಿ, ಬಿಳಿ ವಿನೆಗರ್ ಮತ್ತು ನೀರು ಸಮಪಾಲು ಬೆರೆಸಿ ನೆನೆಹಾಕಿ. ಸುಣ್ಣದ ಗಟ್ಟಿ ಬಿಡುತ್ತದೆ.

ನಂತರ ವಾರಕ್ಕೆರಡು ಸಲ 30 ಲೀಟರ್ ನೀರು ಬದಲಿಸಿ. ಅಷ್ಟಕ್ಕೆ ಸುಮಾರು 1.1 ಕಿಲೋ ಸಮುದ್ರದುಪ್ಪಿನ ಮಿಶ್ರಣ ಬೇಕು. ನೀರಿಗೆ ಉಪ್ಪು ಸುರಿಯಬೇಕೇ ಹೊರತು ಉಪ್ಪಿನ ಮೇಲೆ ನೀರಲ್ಲ. ಇಲ್ಲವಾದರೆ ಕ್ಯಾಲ್ಸಿಯಂ ಗರಣೆಗಟ್ಟುತ್ತದೆ. ಹಿಂದಿನ ದಿನವೇ ಪಂಪಿಟ್ಟು ಕಲಸಿ, 25–26 ಡಿಗ್ರಿಗೆ ತನ್ನಿ. ಮರಳಿನ ಮೇಲ್ಪದರವನ್ನು ಮಾತ್ರ, ಒಂದು ಸಲಕ್ಕೆ ಕಾಲುಭಾಗದಂತೆ, ಸೈಫನ್ ಮಾಡಿ. ಅಡಿಯ ಕಪ್ಪು ಪದರ ಕೆದಕಿದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಂದು ಮೀನುಗಳು ಸಾಯಬಹುದು.

ಇಂಥ ತೊಟ್ಟಿಯಲ್ಲಿ ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಕುಸಿದಿರುವುದೇ ಹೆಚ್ಚು: ತ್ಯಾಜ್ಯವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹುಟ್ಟಿಸುವ ಆಮ್ಲ ಅದನ್ನು ತಿಂದುಹಾಕುತ್ತದೆ. 8–9 ಡಿಕೆಎಚ್ (ಕ್ಷಾರತೆಯ ಅಳತೆ) ಗುರಿ. 200 ಲೀಟರಿಗೆ 6 ಗ್ರಾಂ ಅಡುಗೆ ಸೋಡಾ ಹಾಕಿದರೆ 1 ಡಿಕೆಎಚ್ ಏರುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ. ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ ಇಳಿದು ಮತ್ತೆ ಏರಿದರೆ ಟೆಸ್ಟ್ ಕಿಟ್ ಮೇಲೆ ಅನುಮಾನ ಬೇಡ. ಕಲ್ಲು ಹೀರಿಟ್ಟುಕೊಂಡದ್ದನ್ನು ಬಿಡುತ್ತಿದೆ, ಅಷ್ಟೆ. ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳನ್ನು ಅರ್ಧ ಪ್ರಮಾಣದಿಂದ ಶುರುಮಾಡಿ. ಫಾಸ್ಫೇಟ್ ಪೂರ್ತಿ ಸೊನ್ನೆಯಾದರೂ ಹವಳಕ್ಕೆ ಉಪವಾಸವೇ.

ಕಂದು ಐಪ್ಟೇಸಿಯಾ (ಹೂವಿನಂತೆ ಕಾಣುವ, ಹವಳವನ್ನು ಕುಟುಕುವ ಪೀಡೆ ಜೀವಿ) ಮೊಳೆತಿದ್ದರೆ ಕೀಳಬೇಡಿ. ಉಳಿದ ಚೂರಿನಿಂದಲೇ ಮರಿ ಹುಟ್ಟುತ್ತದೆ. ಪಂಪು ನಿಲ್ಲಿಸಿ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟನ್ನು ಸಿರಿಂಜಿನಲ್ಲಿ ಅದರ ಬಾಯಿಗೆ ಹಾಕಿ, ಕಾಲು ಗಂಟೆ ಬಿಡಿ. ದಿನಕ್ಕೆ ನಾಲ್ಕೈದು ಸಾಕು, ಹೆಚ್ಚಾದರೆ ಪಿಎಚ್ ಜಿಗಿಯುತ್ತದೆ. ಎಲೆಯಡಿಕೆಯ ಸುಣ್ಣವೂ ಅದೇ ವಸ್ತುವಾದರೂ ಅದರಲ್ಲಿ ಇನ್ನೇನು ಬೆರೆತಿದೆಯೋ ಹೇಳಲಾಗದು.

ಝೊಯಾಂಥಿಡ್ (ಗುಂಪಾಗಿ ಬೆಳೆಯುವ ಗುಂಡಿಯಾಕಾರದ ಮೆತ್ತನೆ ಜೀವಿ) ಅಂಟಿದ ಕಲ್ಲನ್ನು ಮಾತ್ರ ಎಂದೂ ಕುದಿಸಬೇಡಿ, ಬಿಸಿನೀರಲ್ಲಿ ಉಜ್ಜಬೇಡಿ. ಅದರ ಪ್ಯಾಲಿಟಾಕ್ಸಿನ್ ಎಂಬ ವಿಷ ಹಬೆಯಲ್ಲಿ ಸೇರಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಸೇರಿಸಬಲ್ಲದು. ಕೈಗವಸು, ಕನ್ನಡಕ ಕಡ್ಡಾಯ.

ದೀಪವನ್ನು ಅರ್ಧ ಪ್ರಖರತೆಯಿಂದ ಆರಂಭಿಸಿ ನಾಲ್ಕು ವಾರದಲ್ಲಿ ಏರಿಸಿ. ಅಳತೆಗಳು ಆರು ವಾರ ಅಲುಗದೆ ನಿಂತ ಮೇಲೆ ಹೊಸ ಹವಳದ ಮಾತು. ನೇತ್ರಾಣಿ ದ್ವೀಪದಿಂದ ಒಂದು ಚೂರು ತರುವ ಯೋಚನೆ ಬೇಡ: ನಮ್ಮ ಕಡಲಿನ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಜೊತೆಗೇ ಇವೆ.