ಕನ್ನಡ ಅರ್ಜಿಗೆ ಕೊನೆಗೂ ಉತ್ತರ ಬಂತು

ಕಾಸರಗೋಡಿನ ಬದಿಯಡ್ಕದಲ್ಲಿರುವ ಅಮ್ಮನಿಗೆ ಬರುತ್ತಿದ್ದ ಕುಟುಂಬ ಪಿಂಚಣಿ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಕೇಂದ್ರ ಸರ್ಕಾರದ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ ಕೌಂಟರಿನಲ್ಲಿ ತೆಗೆದುಕೊಳ್ಳಲಿಲ್ಲ. ಇಂಗ್ಲಿಷ್ ಅಥವಾ ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ಅಮ್ಮ ಕಲಿತದ್ದು ಕನ್ನಡ ಮಾತ್ರ. ತನಗೆ ಓದಲು ಬಾರದ ಕಾಗದಕ್ಕೆ ಅವರು ಯಾಕೆ ಸಹಿ ಹಾಕಬೇಕು?

ಸಂವಿಧಾನದ 350ನೇ ವಿಧಿ ಇಂಥದ್ದಕ್ಕೇ ಇದೆ. ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ನಮ್ಮ ಕುಂದುಕೊರತೆಯನ್ನು ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆದುಕೊಡಬಹುದು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು ನಿಜ, ಆದರೆ ಕೇಂದ್ರದ ಕಚೇರಿ ಇಲ್ಲಿನ ಕನ್ನಡಿಗರದ್ದೂ ಅಲ್ವಾ? ಅದೇ ಅರ್ಜಿಯ ಮೇಲ್ಭಾಗದಲ್ಲಿ ಈ ವಿಧಿಯನ್ನು ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದೆವು. ರಸೀದಿ ಇಟ್ಟುಕೊಂಡೆವು.

ಸ್ವಲ್ಪ ಸಮಯ ಕಾದು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಇನ್ನೊಂದು ಅರ್ಜಿ ಹಾಕಿದೆವು. ಅದು ಅಮ್ಮನ ಹೆಸರಲ್ಲೇ ಇತ್ತು. ಮಗ ಕೇಳಿದರೆ ಬೇರೆಯವರ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಬಹುದು. ಪಿಂಚಣಿ ಯಾಕೆ ನಿಲ್ಲಿಸಿದಿರಿ ಎಂದು ಸುಮ್ನೆ ಜಗಳದ ಧಾಟಿಯಲ್ಲಿ ಕೇಳಲಿಲ್ಲ. ಅರ್ಜಿ ಯಾವ ದಿನ ತಲುಪಿತು, ಈಗ ಯಾರ ಬಳಿ ಇದೆ, ಕಡತದ ಟಿಪ್ಪಣಿಗಳ ಪ್ರತಿ ಕೊಡಿ ಎಂದಷ್ಟೇ ಕೇಳಿದೆವು. ದಾಖಲೆ ಕೇಳಿದರೆ ಜಾರಿಕೊಳ್ಳುವುದು ಕಷ್ಟ.

ಉತ್ತರ ಬಂತು. ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂದು ತೋರಿಸುವ ಜೀವನ ಪ್ರಮಾಣಪತ್ರ ದಾಖಲೆಗೆ ಸೇರಿರಲಿಲ್ಲವಂತೆ. ಮತ್ತೆ ಕೊಟ್ಟೆವು. ಬಾಕಿಯೂ ಸೇರಿ ಹಣ ಬಂತು.

ಮಾಹಿತಿ ಹಕ್ಕು ಅರ್ಜಿಗೆ ನಿಮಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಕೇಂದ್ರದ ಕಚೇರಿಗಳಲ್ಲಿ ಅದಕ್ಕೆ ಶುಲ್ಕವಿಲ್ಲ.