ಮನೆಯೊಳಗೆ ಪೊಲೀಸ್ ಗುಂಡು: ಮನೆಯವರ ಪರ ಕೇಸು ಕಟ್ಟುವ ಕ್ರಮ

ವಾರಂಟ್ ಇಲ್ಲದೆ ಮನೆಗೆ ನುಗ್ಗಿದ ಪೊಲೀಸರ ಗುಂಡಿಗೆ ಒಬ್ಬರು ಸತ್ತರೆ, ಠಾಣೆಯಲ್ಲಿ ಮೊದಲು ದಾಖಲಾಗುವ ಎಫ್‌ಐಆರ್ ಸಾಮಾನ್ಯವಾಗಿ ಸತ್ತವರ ಮೇಲೇ ಇರುತ್ತದೆ: ಕೊಲೆಯತ್ನ, ಕರ್ತವ್ಯಕ್ಕೆ ಅಡ್ಡಿ. ಬಯಲಿನ ಎನ್‌ಕೌಂಟರ್ ಆದರೆ ಯಾರು ಮೊದಲು ಕೈ ಎತ್ತಿದರು ಎಂಬಲ್ಲೇ ವಾದ ಸಿಕ್ಕಿಹಾಕಿಕೊಳ್ಳುತ್ತದೆ. ಮನೆಯಾದರೆ ಹಾಗಲ್ಲ. ಒಳಗೆ ಬಂದದ್ದಕ್ಕೇ ಕಾಗದ ಬೇಕು. ಅದಕ್ಕೇ ನಾನು ಬಾಗಿಲಿನಿಂದ ಶುರು ಮಾಡುತ್ತೇನೆ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನಲ್ಲಿ (ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಕಲಂಗಳೆಲ್ಲ ಇದರವೇ) ಪೊಲೀಸರು ತೋರಿಸುವ ದಾರಿ ಮುಖ್ಯವಾಗಿ ಎರಡು. ಬಂಧಿಸಬೇಕಾದವನು ಒಳಗಿದ್ದ ಎಂದರೆ 44ನೇ ಕಲಂ: ತಾವು ಯಾರು, ಏಕೆ ಬಂದೆವು ಎಂದು ಹೇಳಿ ಬಾಗಿಲು ತೆಗೆಯಲು ಕೇಳಬೇಕು, ಆಮೇಲೂ ಒಳಗೆ ಬಿಡದಿದ್ದರೆ ಒಡೆಯಬಹುದು. ಏನನ್ನೋ ಹುಡುಕಲು ಬಂದೆವು ಎಂದರೆ 185: ಕಾರಣವನ್ನೂ ಹುಡುಕುವ ವಸ್ತುವನ್ನೂ ಬರೆದಿಡಬೇಕು, ಶೋಧವನ್ನು ವಿಡಿಯೊ ಮಾಡಬೇಕು, ಆ ಬರಹದ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಮನೆಯಲ್ಲಿ ವಾಸವಿರುವವರು ಅರ್ಜಿ ಹಾಕಿದರೆ ಮ್ಯಾಜಿಸ್ಟ್ರೇಟರು ಅದನ್ನು ಪುಕ್ಕಟೆಯಾಗಿ ಕೊಡಬೇಕೆಂದು ಅದೇ ಕಲಂ ಹೇಳುತ್ತದೆ. ಈ ಅರ್ಜಿಯನ್ನು ಮೂರನೆಯ ದಿನವೇ ಹಾಕಬೇಕು. ಪ್ರತಿ ಬಂದಿದ್ದರೆ ನ್ಯಾಯಾಲಯದ ಮೊಹರಿನ ತಾರೀಖು ಸಿಗುತ್ತದೆ; ಬಂದಿರದಿದ್ದರೆ ‘ಸ್ವೀಕೃತವಾಗಿಲ್ಲ’ ಎಂಬ ಹಿಂಬರಹ ಕೇಳಿ ಪಡೆಯುತ್ತೇನೆ. ತಿಂಗಳು ಬಿಟ್ಟು ಹೋದರೆ ಹಳೇ ತಾರೀಖಿನ ಕಾಗದ ಹುಟ್ಟಿಕೊಂಡಿರುತ್ತದೆ, ಅದು ಸುಳ್ಳೆಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಜೊತೆಗೇ ನೋಡಬೇಕಾದದ್ದು 43ನೇ ಕಲಂನ ನಾಲ್ಕನೇ ಉಪಕಲಂ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪಿಯಲ್ಲದವನನ್ನು ಬಂಧಿಸುವಾಗ ಸಾಯಿಸುವ ಅಧಿಕಾರ ಆ ಕಲಂ ಕೊಡುವುದಿಲ್ಲ. ಘಟನೆಯ ನಂತರದ ಎಫ್‌ಐಆರ್‌ಗೆ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 109, ಅಂದರೆ ಕೊಲೆಯತ್ನ, ಬಂದು ಕೂರುವುದರ ಹಿಂದೆ ಈ ಲೆಕ್ಕವೂ ಇರುತ್ತದೆ. ಗಾಯವಾದರೆ ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಹಾಗಾಗಿ ಹೊಸಿಲು ದಾಟಿದ ಕ್ಷಣಕ್ಕೆ ಆತನ ಮೇಲಿದ್ದ ಆರೋಪ ಯಾವುದು ಎಂದು ಕೇಳಬೇಕು. ಬರೀ ಕಳ್ಳತನದ ಕೇಸಾಗಿದ್ದರೆ ಪೊಲೀಸರಿಗೆ ಉಳಿಯುವುದು ಆತ್ಮರಕ್ಷಣೆಯ ವಾದವೊಂದೇ, ಅದನ್ನು ಸಾಬೀತು ಮಾಡುವ ಹೊರೆ ಅವರದು.

ಇನ್ನು ಮನೆ. ದುಃಖದಲ್ಲಿ, ನೆಂಟರು ಬರುತ್ತಾರೆಂಬ ಅವಸರದಲ್ಲಿ ನೆಲ ತೊಳೆದುಬಿಡುವುದು ಎಲ್ಲಕ್ಕಿಂತ ದೊಡ್ಡ ನಷ್ಟ. ಆ ಕೋಣೆಗೆ ಬೀಗ ಹಾಕಿಸಿ. ಚಿಲಕ ಎತ್ತ ಬಾಗಿದೆ, ಬಾಗಿಲಿನ ಸೀಳು ಒಳಕ್ಕೋ ಹೊರಕ್ಕೋ ಎಂಬುದರ ಫೋಟೊವನ್ನು ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಗೋಡೆಯಲ್ಲಿ ಗುಂಡಿನ ತೂತಿದ್ದರೆ ನೆಲದಿಂದ ಎಷ್ಟು ಎತ್ತರ, ಎರಡೂ ಪಕ್ಕದ ಮೂಲೆಗಳಿಂದ ಎಷ್ಟು ದೂರ ಎಂದು ಬರೆದುಕೊಳ್ಳಿ. ಬೆರಳು, ಕಡ್ಡಿ ತೂರಿಸಬೇಡಿ. ಕೋನ ಕೆಟ್ಟರೆ ಗುಂಡು ಬಂದ ದಿಕ್ಕೇ ಹೋಯಿತು. ತೂತು ನೆಲದ ಹತ್ತಿರವಿದ್ದು ‘ಎದ್ದು ನಿಂತು ಮಚ್ಚು ಬೀಸಿದ’ ಎಂದು ಮಹಜರಿನಲ್ಲಿ ಬರೆದಿದ್ದರೆ, ಪಾಟೀಸವಾಲಿಗೆ ಅದೊಂದೇ ಅರ್ಧ ಕೆಲಸ. ಬೀದಿಯ ಅಂಗಡಿಗಳ ಸಿಸಿಟಿವಿ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ಅದಕ್ಕೆ ಅಂದೇ ಪ್ರತಿ ಮಾಡಿಸಿ, ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರವನ್ನು ಹ್ಯಾಶ್ ಮೌಲ್ಯದ (ಕಡತ ಬದಲಾಗಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತಿನ) ಸಮೇತ ಬರೆಸಿಕೊಳ್ಳಿ. ನೆರೆಯವರು 112ಕ್ಕೆ ಕರೆ ಮಾಡಿದ್ದರೆ ಆ ಧ್ವನಿಮುದ್ರಣ, ಠಾಣಾ ದಿನಚರಿ, ಆಯುಧ ವಿತರಣೆಯ ರಿಜಿಸ್ಟರ್, ಜೀಪಿನ ಲಾಗ್‌ಬುಕ್ ಇವಿಷ್ಟನ್ನೂ ಕಾಪಾಡಲು ಎಸ್‌ಪಿಗೆ ರಿಜಿಸ್ಟರ್ಡ್ ಪತ್ರ ಹೋಗಬೇಕು. ಆಮೇಲೆ 94ನೇ ಕಲಂ ಕೆಳಗೆ ನ್ಯಾಯಾಲಯದ ಮೂಲಕ ತರಿಸಬಹುದು.

ಮರಣೋತ್ತರ ಪರೀಕ್ಷೆಗೆ ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ) ವಿರುದ್ಧ ಮಹಾರಾಷ್ಟ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರಂದು ಎನ್‌ಕೌಂಟರ್ ಸಾವುಗಳ ಬಗ್ಗೆ ಕೊಟ್ಟ 16 ನಿರ್ದೇಶನಗಳಲ್ಲೇ ಅಳತೆಗೋಲಿದೆ: ಜಿಲ್ಲಾ ಆಸ್ಪತ್ರೆಯ ಇಬ್ಬರು ವೈದ್ಯರು, ವಿಡಿಯೊ ಚಿತ್ರೀಕರಣ. ಮೊದಲು ಎಕ್ಸ್‌ರೇ ತೆಗೆಸಲು ಲಿಖಿತವಾಗಿ ಕೇಳಿ. ಒಳಗುಳಿದ ಗುಂಡು ಕಣ್ತಪ್ಪಬಾರದು. ಗಾಯದ ಸುತ್ತ ಮಸಿ, ಸಿಡಿದ ಮದ್ದಿನ ಚುಕ್ಕೆ ಇದ್ದರೆ ಗುಂಡು ಹತ್ತಿರದಿಂದ ಬಿದ್ದದ್ದು. ಬಟ್ಟೆ ಒಗೆದರೆ ಅದೂ ಹೋಯಿತು, ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ರಕ್ತ ಕೊಳೆಯುತ್ತದೆ. ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಸುತ್ತಬೇಕು. ಸಂಪ್ರದಾಯ ಒಪ್ಪಿದರೆ ಸುಡದೆ ಹೂಳಿ ಎಂದು ಕುಟುಂಬಕ್ಕೆ ಹೇಳುವುದು ಕಷ್ಟದ ಮಾತು, ಆದರೂ ಹೇಳಲೇಬೇಕು. ಎರಡನೇ ಪರೀಕ್ಷೆ ಬೇಕಾದರೆ ಅದೊಂದೇ ದಾರಿ.

ಮಣಿಕಟ್ಟಿನ ಮೇಲೆ ಬೇಡಿಯ ಗೀರು, ಹಗ್ಗದ ಗುರುತು ಇದೆಯೇ ಎಂದು ನಾನು ಪ್ರತ್ಯೇಕವಾಗಿ ನೋಡುತ್ತೇನೆ. ಹಿಡಿದು ಕಟ್ಟಿದ ಮೇಲೆ ಸತ್ತರೆ ಅದು ಪೊಲೀಸ್ ವಶದ ಸಾವು, 196ನೇ ಕಲಂ ಪ್ರಕಾರ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರೇ (ಜೆಎಂಎಫ್‌ಸಿ) ವಿಚಾರಣೆ ನಡೆಸಬೇಕು. ವಶದಲ್ಲಿರಲಿಲ್ಲ ಎಂದಾದರೆ ಸಾಮಾನ್ಯವಾಗಿ ಉಪವಿಭಾಗಾಧಿಕಾರಿಯ ಮಟ್ಟದಲ್ಲೇ ಮುಗಿಯುತ್ತದೆ. ಎರಡರ ಭಾರ ಒಂದೇ ಅಲ್ಲ.

ಪಿಯುಸಿಎಲ್ ಪ್ರಕಾರ ತನಿಖೆ ಸಿಐಡಿಗೋ ಬೇರೆ ಠಾಣೆಯ ತಂಡಕ್ಕೋ ಹೋಗಬೇಕು, ಮೇಲ್ವಿಚಾರಕ ಅಧಿಕಾರಿ ದಾಳಿಯ ಮುಖ್ಯಸ್ಥನಿಗಿಂತ ಒಂದು ದರ್ಜೆಯಾದರೂ ಮೇಲಿರಬೇಕು. ಅದೇ ಠಾಣೆ ತನಿಖೆ ಮಾಡಿದರೆ ಕುಟುಂಬ ನೇರವಾಗಿ ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು. ಈ ನಿರ್ದೇಶನವನ್ನು ಬಳಸುವವರು ಕಡಿಮೆ. ಪೊಲೀಸರ ಮೇಲೆ ಎಫ್‌ಐಆರ್ ಆಗದಿದ್ದರೆ ಠಾಣೆ, ಆಮೇಲೆ ಎಸ್‌ಪಿ, ಆಮೇಲೆ ಅಫಿಡವಿಟ್‌ನೊಂದಿಗೆ ಮ್ಯಾಜಿಸ್ಟ್ರೇಟರಿಗೆ 175(3)ರ ಅರ್ಜಿ. ಮಧ್ಯದ ಮೆಟ್ಟಿಲು ಹಾರಿದರೆ ಪಿಸಿಆರ್ (ನ್ಯಾಯಾಲಯಕ್ಕೆ ಕೊಡುವ ಖಾಸಗಿ ದೂರು) ಅಲ್ಲೇ ಬಿದ್ದುಹೋಗುತ್ತದೆ. ಕರ್ತವ್ಯದ ವೇಳೆಯ ಕೃತ್ಯ ಎಂದಾದರೆ 175(4)ರಂತೆ ಮೇಲಧಿಕಾರಿಯ ವರದಿಯೂ ಬರುತ್ತದೆ, ಅದಕ್ಕೆ ಉತ್ತರ ಮೊದಲೇ ಸಿದ್ಧವಿರಲಿ.

ಕೊನೆಗೆ ಕೇಸು ನಿಂತುಹೋಗುವುದು ಹೆಚ್ಚಾಗಿ ಅನುಮತಿಯಲ್ಲಿ, ಅಂದರೆ ಪೊಲೀಸರ ಮೇಲೆ ಕೇಸು ನಡೆಸಲು ಸರ್ಕಾರ ಕೊಡಬೇಕಾದ ಒಪ್ಪಿಗೆಯಲ್ಲಿ. 218ನೇ ಕಲಂ ಒಂದು ಕಡೆ, ಕರ್ನಾಟಕ ಪೊಲೀಸ್ ಕಾಯ್ದೆ 1963ರ 170 ಇನ್ನೊಂದು ಕಡೆ. 218ರಲ್ಲಿ ಸರ್ಕಾರ 120 ದಿನದೊಳಗೆ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಂತೆ. ಹಾಗಾಗಿ ಎರಡೂ ಕಲಂ ಹೆಸರಿಸಿ ಒಂದೇ ಮನವಿ ಕೊಟ್ಟು ಸ್ವೀಕೃತಿಯ ತಾರೀಖು ಹಾಕಿಸಿಕೊಳ್ಳುತ್ತೇನೆ. 2020ರ ಡಿ. ದೇವರಾಜ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮಿತಿ ಮೀರಿದ ಕೃತ್ಯವೂ ಕರ್ತವ್ಯದೊಂದಿಗೆ ಸಮಂಜಸವಾದ ನಂಟು ಹೊಂದಿದ್ದರೆ ಅನುಮತಿ ಬೇಕು ಎಂದಿತು. ಆ ನಂಟನ್ನು ಕಡಿಯಲು ಮೂರನೇ ದಿನ ಪಡೆದ ಹಿಂಬರಹ ಬೇಕಾಗುವುದು ಇಲ್ಲಿ: ಶೋಧದ ಬರಹವಿಲ್ಲ, ವಿಡಿಯೊ ಇಲ್ಲ, ದಿನಚರಿಯಲ್ಲಿ ಹೊರಟ ನಮೂದಿಲ್ಲ ಎಂದರೆ ಯಾವ ಕರ್ತವ್ಯಕ್ಕೆ ಆ ಮನೆಗೆ ಹೋಗಿದ್ದರು ಎಂದು ಅವರೇ ಹೇಳಬೇಕು. ಇದರ ನಡುವೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡುವ ಒಂದು ವರ್ಷದ ಗಡುವು ಮರೆತುಹೋಗುತ್ತದೆ, ಅದನ್ನು ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಬಿ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲ ಎಂದು ತನಿಖೆ ಮುಗಿಸುವ ವರದಿ) ಸಲ್ಲಿಕೆಯಾಗಿ ನೋಟಿಸ್ ಬಂದ ದಿನವೇ ಇಡೀ ಕಡತದ ನಕಲಿಗೆ ಅರ್ಜಿ ಹಾಕಿ; ಅದನ್ನು ಓದದೆ ಬರೆದ ತಕರಾರು ಅರ್ಜಿ ಎರಡು ಪುಟ ದಾಟುವುದಿಲ್ಲ.