ಕಾಲೇಜು ವಿದ್ಯಾರ್ಥಿ ಆರೋಗ್ಯ ವಿಮೆ ಆರಿಸುವುದು ಹೇಗೆ?

ಕೆ.ಆರ್. ಪೇಟೆಯಿಂದಲೋ ನಾಗಮಂಗಲದಿಂದಲೋ ಬಂದು ಮೈಸೂರಿನಲ್ಲಿ ಕೊಠಡಿ ಹಿಡಿದು ಓದುವ ವಿದ್ಯಾರ್ಥಿ ವಿಮೆ ಕೊಳ್ಳುವ ಮೊದಲು ಮನೆಯಲ್ಲಿ ಈಗಾಗಲೇ ಏನಿದೆ ಎಂಬುದನ್ನು ನೋಡಬೇಕು. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಪಡಿಸಿದ ದರ) ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ತುರ್ತು ಸ್ಥಿತಿಯನ್ನು ಬಿಟ್ಟರೆ, ಈ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಸೇರಲು ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ತಂದೆಯೋ ತಾಯಿಯೋ ಊರಿನ ಡೇರಿಯ ಅಥವಾ ಪತ್ತಿನ ಸಹಕಾರ ಸಂಘದ ಸದಸ್ಯರಾಗಿದ್ದರೆ, ಸಹಕಾರ ಸಂಘಗಳ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಗೆ ನೋಂದಾಯಿಸಿದ್ದಾರೆಯೇ, ಅದರಲ್ಲಿ ನಿಮ್ಮ ಹೆಸರಿದೆಯೇ ಎಂದು ಕೇಳಿ. ಕಾರ್ಖಾನೆಯ ಕೆಲಸದಲ್ಲಿದ್ದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರಬಹುದು, ಆದರೆ ಓದುವ ಮಗನಿಗೆ ಅದರಲ್ಲಿ ವಯಸ್ಸಿನ ಮಿತಿ ಇದೆ.

ಕಾಲೇಜು ಶುಲ್ಕದ ರಸೀದಿಯಲ್ಲಿ ವಿಮೆಗೆಂದು ಸಣ್ಣ ಮೊತ್ತ ಬರೆದಿದ್ದರೆ ಅದನ್ನೇ ಆರೋಗ್ಯ ವಿಮೆ ಎಂದು ನಂಬಿ ಕೂರಬಾರದು. ಅನೇಕ ಕಡೆ ಅದು ಅಪಘಾತ ವಿಮೆ ಮಾತ್ರ. ಡೆಂಗಿ ಜ್ವರಕ್ಕೋ ಅಪೆಂಡಿಸೈಟಿಸ್‌ಗೋ ಅದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಕಚೇರಿಯಲ್ಲಿ ಪಾಲಿಸಿಯ ಪ್ರತಿ ಕೇಳಿ ಓದಿಕೊಳ್ಳಿ.

ಇವೆಲ್ಲ ಸಾಲದೆಂದು ಕಂಡರೆ, ಅಪ್ಪ ಅಮ್ಮನ ಕುಟುಂಬ ಪಾಲಿಸಿಗೆ ಸೇರುವುದೇ ಅಥವಾ ಸ್ವಂತ ಹೆಸರಿನಲ್ಲಿ ಕೊಳ್ಳುವುದೇ ಎಂಬುದನ್ನು ನಿರ್ಧರಿಸಬೇಕು. ಅವಲಂಬಿತ ಮಕ್ಕಳನ್ನು ಸಾಮಾನ್ಯವಾಗಿ 25 ವರ್ಷದವರೆಗೆ ಕುಟುಂಬ ಪಾಲಿಸಿಯಲ್ಲಿ ಇರಿಸಿಕೊಳ್ಳಬಹುದು. ಮನೆಯಲ್ಲಿ ಪಾಲಿಸಿ ಇದ್ದು, ಹೆತ್ತವರು ಆರೋಗ್ಯವಾಗಿದ್ದರೆ ಅದಕ್ಕೆ ಹೆಸರು ಸೇರಿಸುವುದೇ ಅಗ್ಗ. ಆದರೆ ಅವರಿಗೆ ಸಕ್ಕರೆ ಕಾಯಿಲೆಯೋ ಹೃದಯದ ತೊಂದರೆಯೋ ಇದ್ದರೆ ಮನೆಯವರೆಲ್ಲರಿಗೂ ಸೇರಿ ಇರುವ ಇಡೀ ವಿಮಾ ಮೊತ್ತ ಒಂದೇ ವರ್ಷದಲ್ಲಿ ಅವರ ಚಿಕಿತ್ಸೆಗೇ ಮುಗಿದುಹೋಗಬಹುದು. ಅಂಥ ಮನೆಯ ವಿದ್ಯಾರ್ಥಿ 18 ತುಂಬಿದ ಮೇಲೆ ಪ್ರತ್ಯೇಕ ಪಾಲಿಸಿ ಮಾಡಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ಪಾಲಿಸಿಗಳ ಮೇಲೆ ಇದ್ದ ಶೇ 18ರ ಜಿಎಸ್‌ಟಿ ರದ್ದಾಗಿರುವುದರಿಂದ ಹೊರೆಯೂ ಸ್ವಲ್ಪ ಇಳಿದಿದೆ.

ಹೆಚ್ಚಿನವರು ಪ್ರೀಮಿಯಂ ನೋಡಿ ಪಾಲಿಸಿ ಆರಿಸುತ್ತಾರೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ಕೊಠಡಿ ಬಾಡಿಗೆಯ ಮಿತಿ. ವಿಮಾ ಮೊತ್ತ 3 ಲಕ್ಷ, ದಿನದ ಬಾಡಿಗೆಯ ಮಿತಿ ಅದರ ಶೇ 1 ಎಂದಿಟ್ಟುಕೊಳ್ಳಿ. ಅಂದರೆ 3,000 ರೂಪಾಯಿ. ನೀವು 6,000 ರೂಪಾಯಿಯ ಕೊಠಡಿಯಲ್ಲಿ ನಾಲ್ಕು ದಿನ ಇದ್ದಿರಿ. ಬಾಡಿಗೆ 24,000, ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕ 60,000, ಔಷಧಿ 16,000, ಒಟ್ಟು ಒಂದು ಲಕ್ಷದ ಬಿಲ್ ಆಯಿತು. ಬಾಡಿಗೆಯ ವ್ಯತ್ಯಾಸವಾದ 12,000 ಕಟ್ಟಿದರೆ ಮುಗಿಯಿತು ಎಂದು ಎಣಿಸಿರುತ್ತೀರಿ. ಆದರೆ ಕೊಠಡಿಯ ದರ್ಜೆಗೆ ತಕ್ಕಂತೆ ಶುಲ್ಕ ಹಾಕುವ ಆಸ್ಪತ್ರೆಯಾದರೆ, ಅನುಪಾತ ಕಡಿತದ ಷರತ್ತಿನಂತೆ, ಬಾಡಿಗೆಯ ಮಿತಿ ನೀವಿದ್ದ ಕೊಠಡಿಯ ಬಾಡಿಗೆಯ ಅರ್ಧವೇ ಆದ್ದರಿಂದ, ವೈದ್ಯರ ಮತ್ತು ಶಸ್ತ್ರಚಿಕಿತ್ಸೆಯ ಶುಲ್ಕದಲ್ಲೂ ಅರ್ಧದಷ್ಟನ್ನು ಕಂಪನಿ ಕಳೆಯುತ್ತದೆ. ಔಷಧಿಗೆ ಈ ಕಡಿತ ಅನ್ವಯಿಸುವುದಿಲ್ಲ. ನಿಮ್ಮ ಪಾಲಿಗೆ ಬರುವುದು 42,000 ರೂಪಾಯಿ. ಹೀಗಾಗಿ ಬಾಡಿಗೆ ಮಿತಿಯಿಲ್ಲದ 5 ಲಕ್ಷದ ಪಾಲಿಸಿಗೆ ಸ್ವಲ್ಪ ಹೆಚ್ಚು ಕಟ್ಟಬೇಕಾದರೂ ಕಟ್ಟಿ. ಅಷ್ಟು ಸಾಧ್ಯವಿಲ್ಲದವರಿಗೆ 2020ರಲ್ಲಿ ಬಂದ ಆರೋಗ್ಯ ಸಂಜೀವಿನಿ ಎಂಬ, ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತುಗಳಿರುವ ಏಕರೂಪದ ಪಾಲಿಸಿ ಇದೆ. ಅದರಲ್ಲಿ ದಿನದ ಬಾಡಿಗೆ ವಿಮಾ ಮೊತ್ತದ ಶೇ 2, ಗರಿಷ್ಠ 5,000 ರೂಪಾಯಿ; ಪ್ರತಿ ಕ್ಲೇಮಿನಲ್ಲೂ ಶೇ 5ರಷ್ಟನ್ನು ನೀವೇ ಭರಿಸಬೇಕು.

ಮುಂದೆ ಗಮನಿಸಬೇಕಾದದ್ದು ಕಾಯುವ ಅವಧಿ. ಅಪಘಾತವನ್ನು ಬಿಟ್ಟು ಬೇರಾವ ಕಾಯಿಲೆಗೂ ಮೊದಲ 30 ದಿನ ಪರಿಹಾರ ಸಿಗದು. ಆದ್ದರಿಂದ ಡೆಂಗಿಯ ಮಳೆಗಾಲ ಹತ್ತಿರ ಬರುವವರೆಗೆ ಕಾಯದೆ ಮೊದಲೇ ಮಾಡಿಸಿ. ಮೊದಲಿನಿಂದ ಇರುವ ಕಾಯಿಲೆಗಳಿಗೆ ಈ ಅವಧಿ ಗರಿಷ್ಠ 36 ತಿಂಗಳು. ಅಸ್ತಮಾ, ಥೈರಾಯ್ಡ್, ಪಿಸಿಒಡಿ, ಮಾನಸಿಕ ಆರೋಗ್ಯಕ್ಕೆ ತೆಗೆದುಕೊಳ್ಳುತ್ತಿರುವ ಮಾತ್ರೆ, ಯಾವುದನ್ನೂ ಅರ್ಜಿಯಲ್ಲಿ ಮುಚ್ಚಿಡಬೇಡಿ. ಏಜೆಂಟರು ‘ಅದನ್ನು ಬರೆಯುವುದು ಬೇಡ’ ಎಂದರೆ ಆ ಏಜೆಂಟರನ್ನೇ ಬದಲಿಸಿ, ಏಕೆಂದರೆ ಮುಚ್ಚಿಟ್ಟ ಕಾಯಿಲೆ ಆಸ್ಪತ್ರೆಯ ದಾಖಲೆಯಲ್ಲಿ ಹೊರಬಿದ್ದ ದಿನ ಕ್ಲೇಮ್ ತಿರಸ್ಕಾರವಾಗಿ ಮನೆಯವರು ಸಾಲಕ್ಕೆ ಓಡಾಡಬೇಕಾಗುತ್ತದೆ.

ಕ್ಯಾಶ್‌ಲೆಸ್ ಆಸ್ಪತ್ರೆಗಳ (ಕಂಪನಿಯೇ ನೇರವಾಗಿ ಬಿಲ್ ಕಟ್ಟುವ ಆಸ್ಪತ್ರೆಗಳ) ಪಟ್ಟಿಯನ್ನು ಎರಡು ಊರುಗಳಿಗೂ ನೋಡಿ: ನೀವು ಓದುವ ಊರು, ರಜೆಗೆ ಹೋಗುವ ಊರು. ಇನ್ನೊಂದು ಸಂಗತಿಯನ್ನು ಮೈಸೂರು ಮಂಡ್ಯದವರು ವಿಶೇಷವಾಗಿ ವಿಚಾರಿಸಬೇಕು. ಕೆಲವು ಕಂಪನಿಗಳು ಊರುಗಳನ್ನು ವಲಯಗಳಾಗಿ ವಿಂಗಡಿಸಿ, ಸಣ್ಣ ಊರಿನವರಿಗೆ ಕಡಿಮೆ ಪ್ರೀಮಿಯಂ ಹಾಕಿ, ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ರೋಗಿಯಿಂದಲೇ ಕಟ್ಟಿಸುತ್ತವೆ. ಗಂಭೀರ ಕಾಯಿಲೆಗೆ ನಮ್ಮವರು ಬೆಂಗಳೂರಿಗೇ ಹೋಗುವುದರಿಂದ ಅಂಥ ಷರತ್ತು ಇಲ್ಲದ ಪಾಲಿಸಿಯೇ ಮೇಲು.

ಪಾಲಿಸಿ ಕೈಸೇರಿದ ಮೇಲೆ 30 ದಿನಗಳೊಳಗೆ ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ವಿಮಾ ಕಾರ್ಡಿನ ಪ್ರತಿಯನ್ನು ಕೊಠಡಿಯ ಗೆಳೆಯರಿಗೂ ವಾರ್ಡನ್‌ಗೂ ಕೊಟ್ಟಿರಿ. ಕ್ಲೇಮ್ ವಿಷಯದಲ್ಲಿ ಅನ್ಯಾಯವಾಯಿತೆಂದು ಅನ್ನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ನೀಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಕಚೇರಿಗೆ ಬರೆಯಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.